ಉಗುರಿಗೆ ರೇಷ್ಮೆ

ಬಲಗೈ ತೋರುಬೆರಳಿನ ಉಗುರು ಒಂದಿಷ್ಟು ಸೀಳಿದರೆ ಲೋಕಕ್ಕೇನೂ ನಷ್ಟವಿಲ್ಲ. ಆದರೆ ಐವತ್ತು ದಾಟಿದ ಮೇಲೆ ಗಿಟಾರು ಹಿಡಿದವನಿಗೆ ಅದು ರಾಷ್ಟ್ರೀಯ ವಿಪತ್ತು. ತಂತಿಗಳನ್ನೆಲ್ಲ ಒಟ್ಟಿಗೆ ಮೇಲಿಂದ ಕೆಳಕ್ಕೆ ಸವರುವಾಗ ಪೆಟ್ಟು ತಿನ್ನುವುದು ಉಗುರೇ. ಅದರ ಸಂರಕ್ಷಣೆಗೆಂದು ಎಣ್ಣೆ ಹಚ್ಚಿದೆ, ಅಂಚು ಉಜ್ಜಿ ನಯಗೊಳಿಸಿದೆ, ಪಾತ್ರೆ ತೊಳೆಯುವುದನ್ನು ಬಿಟ್ಟೆ. ಕೊನೆಯದು ಹೆಂಡತಿಯ ನೆನಪಿನಲ್ಲಿ ಬೇರೆಯೇ ಇದೆ: ನಾನು ಮೊದಲೂ ತೊಳೆಯುತ್ತಿರಲಿಲ್ಲವಂತೆ.

ಭಾನುವಾರ ಚಳ್ಳಕೆರೆಯಲ್ಲಿ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆ. ಅವರ ಹೆಂಡತಿ ಹಾಡುವುದು, ನಾನು ನುಡಿಸುವುದು ಎಂದು ನಿಗದಿಯಾಗಿತ್ತು. ಜನರೆದುರು ಅದೇ ಮೊದಲು. ಎರಡು ದಿನ ಮುಂಚೆ ಉಗುರು ಸೀಳಿತು. ಸೀಳಿನ ಮೇಲೆ ರೇಷ್ಮೆ ಎಳೆಯಿಟ್ಟು ಅಂಟು ಸವರಿದರೆ ನಿಲ್ಲುತ್ತದೆಂದು ಫೋನಿನ ವಿಡಿಯೊದಲ್ಲಿ ಯಾರೋ ತೋರಿಸಿದರು. ರೇಷ್ಮೆಗೇನು ಬರ? ಹೆಂಡತಿಯ ತವರು ಮೊಳಕಾಲ್ಮುರು, ಅತ್ತೆ ಸೀರೆ ನೇಯುವವರು. ಶನಿವಾರ ಬಸ್ಸು ಹತ್ತಿದೆ.

ಆ ಮನೆಯಲ್ಲೊಂದು ಕಟ್ಟಳೆ: ಮಗ್ಗದ ಕೋಣೆಗೆ ಕಾಲಿಡುವವರು, ಬೀಗರೇ ಆಗಲಿ, ಮೊದಲು ಬೆರಳು ತೋರಿಸಬೇಕು. ಉದ್ದುಗುರು ಎಳೆಗೆ ಸಿಕ್ಕಿದರೆ ಸೀರೆ ಕೆಟ್ಟಂತೆ. ಅಂಥಲ್ಲಿ ಉಗುರು ಉಳಿಸಿಕೊಳ್ಳಲು ರೇಷ್ಮೆ ಬೇಡಿದವನು ನಾನೊಬ್ಬನೇ ಇರಬೇಕು.

"ಉಗ್ರಿಗೂ ಸೀರೆ ಉಡಿಸ್ಬೇಕೇನ್ರಿ?" ಎಂದರು ಅತ್ತೆ. ಆದರೂ ಕಡಿದುಬಿದ್ದ ಎಳೆ ಹುಡುಕಿಕೊಟ್ಟರು. ಅಂಟಿಸಿ, ಊದಿ ಒಣಗಿಸಿಕೊಂಡೆ.

ಅಷ್ಟರಲ್ಲಿ ಮದುವೆಯವರು ತಮ್ಮ ಸೀರೆಗೆ ಬಂದರು. ಮಗ್ಗದಿಂದ ಬಿಡಿಸಿದ ಸೀರೆಯನ್ನು ಮಡಿಸಲು ಇಬ್ಬರು ಬೇಕು, ಮಾವ ಊರಲ್ಲಿರಲಿಲ್ಲ. ಅಳಿಯನಿಗೆ ಕೆಲಸ ಹೇಳುವ ರೂಢಿಯಿಲ್ಲದ ಅತ್ತೆ ಬಾಗಿಲಲ್ಲಿ ನಿಂತು ನನ್ನ ಬೆರಳು ನೋಡಿದರು. ನಾನೇ ನೇಲ್ ಕಟರ್ ಕೇಳಿದೆ. ಈಗ ನೆನೆದರೆ ಅದೊಂದು ತ್ಯಾಗದಂತೆ ಕಾಣುತ್ತದೆ, ನೀವು ನಂಬಬೇಡಿ. ಭಾನುವಾರ ತಪ್ಪಿಸಿಕೊಳ್ಳಲು ಮರ್ಯಾದೆಯ ನೆಪವೊಂದು ಸಿಕ್ಕಿತೆಂಬ ಖುಷಿಯೂ ಒಳಗಿತ್ತೇನೋ.

ಸೀರೆಯ ಆ ತುದಿಯಿಂದ ಅತ್ತೆ ನಾಳೆಯ ಬಗ್ಗೆ ವಿಚಾರಿಸಿದರು. ಇನ್ನು ಆಗುವುದಿಲ್ಲ ಅತ್ತೆ, ಎಂದೆ.

"ಬೆರಳು ಐತಲ್ರೀ. ಅದನ್ನೇನ್ ಕತ್ತರಿಸ್ಲಿಲ್ವಲ್ಲ."

ನೆಪ ಅಲ್ಲಿಗೆ ಮುಗಿಯಿತು. ಮರುದಿನ ಬರಿಯ ಬೆರಳ ತುದಿಯಿಂದಲೇ ತಂತಿ ಸವರಿದೆ. ದನಿ ಮೆತ್ತಗೆ ಬಂತು, ತಪ್ಪುಗಳೂ ಮೆತ್ತಗೇ ಆದವು. ಸಹೋದ್ಯೋಗಿಯ ಹೆಂಡತಿಯ ಹಾಡು ಹಿಂದಿನ ಸಾಲಿನವರೆಗೂ ಕೇಳಿಸಿತು. ಸೀಳುವುದಕ್ಕೆ ಏನೂ ಉಳಿದಿಲ್ಲದ ಕೈ ಅಷ್ಟು ಹಗುರಾಗಿರುತ್ತದೆಂದು ನನಗೆ ತಿಳಿದಿರಲಿಲ್ಲ. ಹಾಡು ಮುಗಿದಾಗ ಆಕೆ ನನ್ನತ್ತ ತಿರುಗಿ, ಇನ್ನೊಂದು ಹೇಳೋಣವೇ ಎಂದು ಕಣ್ಣಲ್ಲೇ ಕೇಳಿದರು. ಬೆರಳು ಉರಿಯುತ್ತಿತ್ತು. ಹೂಂ ಎಂದೆ.