ಕತ್ತಲು ಕೇಳಿದ ನೋಟಿಸು

ಮಾದನಾಯಕನಹಳ್ಳಿಯ ಆ ಮೂಲೆಯಲ್ಲಿ ಬೆಳಗಾಗುವುದೇ ಇಲ್ಲ, ಏಕೆಂದರೆ ಅಲ್ಲಿ ರಾತ್ರಿಯೇ ಆಗುವುದಿಲ್ಲ. ಗೋಡೌನಿನ ಕಂಬದ ಮೇಲೆ ಕೂತಿರುವ ದೀಪ ಅಂಥದ್ದು. ಅದರ ಬೆಳಕಿಗೆ ತುಮಕೂರು ರಸ್ತೆಯ ಲಾರಿಗಳು ಹೆಡ್‌ಲೈಟ್ ಆರಿಸಿಕೊಂಡು ಓಡುತ್ತವೆ. ಚಂದ್ರ ನಾಚಿಕೊಂಡು ನೆಲಮಂಗಲದ ಕಡೆಯಿಂದ ಬಳಸಿಕೊಂಡು ಹೋಗುತ್ತಾನೆ. ಊರಿನ ಹುಂಜಗಳೆಲ್ಲ ಹೊತ್ತು ಗೊತ್ತಾಗದೆ ಕೂಗುವ ಕಸುಬನ್ನೇ ಬಿಟ್ಟು ಕೂತಿವೆ. ಈ ಬೆಳಕಿನ ಕೆಳಗೆ, ಮೂಡಣ ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವಾಗ, ಸೇವಂತಿಗೆ ಸಾಲಿನ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತು ವೇಣಿ ಒಂದು ಲೀಗಲ್ ನೋಟಿಸನ್ನು ಗಟ್ಟಿಯಾಗಿ ಓದುತ್ತಿದ್ದಾರೆ.

ಕೇಳುತ್ತಿರುವವರು ಆ ಹೊಲದ ಒಡತಿ ಚಿಕ್ಕಮುನಿಯಮ್ಮ. ಕಾಗದದಲ್ಲಿ ಇಂಗ್ಲಿಷಿದೆ, ವೇಣಿಯವರ ಬಾಯಿಂದ ಹೊರಡುವಾಗ ಅದು ಕನ್ನಡವಾಗುತ್ತದೆ. ನಷ್ಟಕ್ಕೆ ಪರಿಹಾರ ಕೊಡಿ, ಮನೋವೇದನೆಗೆ ಬೇರೆ ಪರಿಹಾರ ಕೊಡಿ, ಕೊಡದಿದ್ದರೆ ಗೋಡೌನಿಗೆ ಬೀಗ ಹಾಕಿಸುತ್ತೇವೆ ಎಂಬಲ್ಲಿಗೆ ಬಂದಾಗ ಅಜ್ಜಿ ಕಳೆ ಕೀಳುತ್ತಿದ್ದ ಕೈ ನಿಲ್ಲಿಸುತ್ತಾರೆ.

"ಬೀಗ ಯಾಕವ್ವ? ಎದುರ್ಮನೆ ಐಕ್ಳೆಲ್ಲ ಅಲ್ಲೇ ಕೆಲ್ಸ ಮಾಡದು. ನಾ ಯೋಳಿದ್ದು ದೀಪ ಅತ್ಲಾಗ್ ತಿರುಗ್ಸಿ ಅಂತ ಅಷ್ಟೇಯ."

"ಇದು ನಾನ್ ಬರ್ದಿದ್ದಲ್ಲ ಅಜ್ಜಿ, ದೊಡ್ಡಬಾಯಿ ಬರ್ದಿರೋದು. ಅವ್ನಿಗೆ ಸಣ್ಣದಾಗಿ ಕೇಳೋಕೇ ಬರಲ್ಲ."

ದೊಡ್ಡಬಾಯಿ ಮನುಷ್ಯನಲ್ಲ. ಪೀಣ್ಯದ ವಕೀಲರೊಬ್ಬರ ಕಚೇರಿಯ ಕಂಪ್ಯೂಟರಿನಲ್ಲಿ ಕುಳಿತಿರುವ ಎಐ. ಕಕ್ಷಿದಾರರ ಗೋಳನ್ನು ಕನ್ನಡದಲ್ಲಿ ಹೇಳಿದರೆ ಸಾಕು, ಕಾಫಿಗೆ ಸಕ್ಕರೆ ಕರಗುವುದರೊಳಗೆ ಇಂಗ್ಲಿಷಿನಲ್ಲಿ ನೋಟಿಸು ತಯಾರು. ಕಾನೂನಿನ ಕಲಮುಗಳು, ಗಡುವು, ಬೆದರಿಕೆ ಎಲ್ಲವೂ ಇಸ್ತ್ರಿ ಹಾಕಿಕೊಂಡು ಸಾಲಾಗಿ ಬಂದು ನಿಲ್ಲುತ್ತವೆ. ಅದಕ್ಕೆ ಹೇಳಿಕೊಡುವುದು, ಅದು ಬರೆದದ್ದನ್ನು ಓದಿ ತಿದ್ದುವುದು, ವಕೀಲರ ಸಹಿಗೆ ಇಡುವುದು ವೇಣಿಯವರ ಕೆಲಸ. ಇದರ ಜೊತೆಗೆ ಯಾರೂ ಒಪ್ಪಿಸದ ಇನ್ನೊಂದು ಕೆಲಸವನ್ನು ಅವರೇ ಹೊತ್ತುಕೊಂಡಿದ್ದಾರೆ. ನೋಟಿಸು ಯಾರ ಹೆಸರಿನಲ್ಲಿ ಹೋಗುತ್ತದೋ ಅವರ ಕಿವಿಗೆ ಅದು ಮೊದಲು ಬೀಳಲೇಬೇಕು. ಶಿಫ್ಟಿಗೆ ಓಡುವವರು ಕಚೇರಿಗೆ ಬರುವುದು ಯಾವಾಗ? ಹಾಗಾಗಿ ನಸುಕಿನಲ್ಲೇ ಹೊರಟು ಟೀ ಅಂಗಡಿ, ಫ್ಯಾಕ್ಟರಿ ಗೇಟು, ಬಸ್ ಸ್ಟಾಪು ಎಲ್ಲೆಂದರಲ್ಲಿ ಓದುತ್ತಾರೆ. ಜಾಲಹಳ್ಳಿ ಕ್ರಾಸಿನಲ್ಲಿ ಒಮ್ಮೆ ಅವರು ಓದಿದ ನೋಟಿಸನ್ನು ಕೇಳಿ, ಅದಕ್ಕೆ ಸಂಬಂಧವೇ ಇಲ್ಲದ ಮೂವರು ತಮ್ಮ ತಮ್ಮ ಸಾಲ ತೀರಿಸಿದರಂತೆ.

ಓದು ಮುಂದುವರಿಯುತ್ತದೆ. ಕೊನೆಯ ಪುಟದಲ್ಲಿ ಒಂದು ಹಳೆಯ ತೀರ್ಪಿನ ಮಾತಿದೆ. ಹೂವಾಡಗಿತ್ತಿಯೊಬ್ಬಳ ಮೊಕದ್ದಮೆಯಲ್ಲಿ ಯಾವುದೋ ಹೈಕೋರ್ಟಿನ ನ್ಯಾಯಮೂರ್ತಿ ಹೇಳಿದ್ದು. ವೇಣಿ ದನಿ ತಗ್ಗಿಸಿ ಓದುತ್ತಾರೆ: "ಮನುಷ್ಯನಿಗೆ ಹಗಲಿನ ಮೇಲೆ ಎಷ್ಟು ಹಕ್ಕಿದೆಯೋ ಗಿಡಕ್ಕೆ ರಾತ್ರಿಯ ಮೇಲೆ ಅಷ್ಟೇ ಹಕ್ಕಿದೆ. ಕತ್ತಲು ಯಾರ ಸ್ವತ್ತೂ ಅಲ್ಲ, ಆದ್ದರಿಂದ ಅದನ್ನು ಕಸಿಯುವ ಅಧಿಕಾರ ಯಾರಿಗೂ ಇಲ್ಲ."

ಚಿಕ್ಕಮುನಿಯಮ್ಮ ಮಣ್ಣಿನ ಕೈಯಲ್ಲೇ ಕೈಮುಗಿಯುತ್ತಾರೆ. "ಆ ಜಡ್ಜಪ್ಪನ ಒಟ್ಟೆ ತಣ್ಣಗಿರ್ಲಿ. ಊವಿನ್ ಸಂಕ್ಟ ತಿಳ್ದೋನು."

ಹೂವಿನ ಸಂಕಟ ಏನೆಂದರೆ, ಸೇವಂತಿಗೆಗೆ ಇರುಳು ಉದ್ದವಾಗದೆ ಮೊಗ್ಗು ಕಟ್ಟುವುದಿಲ್ಲ. ಸುತ್ತಲಿನ ಬೆಳೆಗಾರರಿಗೆ ಇದು ಹಳೆಯ ವಿಷಯ. ಗಿಡ ಎತ್ತರಕ್ಕೆ ಬೆಳೆಯಲೆಂದು ತಾವೇ ಹೊಲದಲ್ಲಿ ಬಲ್ಬು ಕಟ್ಟುತ್ತಾರೆ, ಹೂವು ಬೇಕಾದಾಗ ಆರಿಸುತ್ತಾರೆ. "ನಾವು ಆರಿಸ್ತೀವಿ, ಇವ್ರು ಆರ್ಸಾಕಿಲ್ಲ" ಎನ್ನುತ್ತಾರೆ ಅಜ್ಜಿ. ದೀಪ ಬಂದ ಮೇಲೆ ಗಿಡಗಳು ಎಲೆಯನ್ನಷ್ಟೇ ಬಿಡುತ್ತ ಆಳೆತ್ತರ ಬೆಳೆದಿವೆ. ಇನ್ನೊಂದು ವರ್ಷ ಬಿಟ್ಟರೆ ಮೆಟ್ರೊ ಕಂಬಕ್ಕೆ ಹಬ್ಬಿ ನಾಗಸಂದ್ರದಲ್ಲಿ ಇಳಿಯುವ ಲಕ್ಷಣವಿದೆ. ಮೊಗ್ಗು ಮಾತ್ರ ಒಂದೂ ಇಲ್ಲ. ಮಗ ಮುನೀಂದ್ರ ಈಗಾಗಲೇ ಹೇಳಿಬಿಟ್ಟಿದ್ದಾನೆ: "ಈ ದೀಪಾವಳಿಗೂ ಹೂ ಬಿಡ್ಲಿಲ್ಲ ಅಂದ್ರೆ ಲಾರಿ ನಿಲ್ಸೋಕೆ ಬಾಡಿಗೆಗೆ ಕೊಟ್ಬಿಡಾಣ ಕಣವ್ವ. ಎಲೆ ಮುಡ್ಕೊಳ್ಳೋರ್ ಯಾರವ್ರೆ?" ಗಣೇಶನ ಹಬ್ಬ ಆಗಲೇ ಕಳೆದಿದೆ. ಈಗ ಕತ್ತಲು ಸಿಕ್ಕರೆ ಮೊಗ್ಗು, ತಡವಾದರೆ ಲಾರಿ.

ಅಜ್ಜಿ ಬಾಯಲ್ಲಿ ಕೇಳಿ ನೋಡಿಲ್ಲವೆಂದಲ್ಲ. ಗೋಡೌನಿನ ಗೇಟಿನಲ್ಲಿ ಪ್ರತಿ ಸಲವೂ ಒಂದೇ ಉತ್ತರ, "ಬರೆದು ಕೊಡಿ." ಹಾಗೆ ಅವರು ವೇಣಿಯವರ ಕಚೇರಿಯ ಮೆಟ್ಟಿಲು ಹತ್ತಿದ್ದು.

ಆ ಕಚೇರಿ ಪೀಣ್ಯ ಎರಡನೇ ಹಂತದಲ್ಲಿ, ವೆಲ್ಡಿಂಗ್ ರಾಡ್ ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಪಕ್ಕದ ಶೆಡ್ಡಿನಲ್ಲಿ ಪವರ್ ಪ್ರೆಸ್ ಬಡಿದರೆ ಇಲ್ಲಿ ಟೇಬಲ್ಲಿನ ಪೇಪರ್‌ವೇಟು ತಾನಾಗಿ ನಡೆದು, ಸಹಿ ಹಾಕಬೇಕಾದ ಜಾಗ ತೋರಿಸುತ್ತದೆ. ವಕೀಲ ಕರಿಬಸಪ್ಪನವರು ದಾವಣಗೆರೆ ಕಡೆಯವರು. ಅವರು ಕೆಮ್ಮಿದರೆ ಎದುರು ಪಕ್ಷದವರು ರಾಜಿಗೆ ಬರುತ್ತಾರೆ ಎಂದು ಬಾಗಲಗುಂಟೆಯವರೆಗೂ ಮಾತಿದೆ.

ವೇಣಿ ಬಾಗಲಗುಂಟೆಯವರೇ. ವಾಲ್ವ್ ತಯಾರಿಸುವ ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗದಲ್ಲಿದ್ದರು. ಅದು ಬಾಗಿಲು ಹಾಕಿದಾಗ ಟೈಪಿಂಗ್ ಕಲಿತು ಇಲ್ಲಿ ಸೇರಿದರು. ಗಂಡ ಕೃಷ್ಣ ಪೌಡರ್ ಕೋಟಿಂಗ್ ಕೆಲಸದವರು. ಅವರು ಮನೆಗೆ ಬರುವ ಬಣ್ಣ ನೋಡಿಯೇ ಆ ದಿನ ಯಾವ ಬಣ್ಣದ ಬೀರುಗಳು ತಯಾರಾದವೆಂದು ಬೀದಿಗೆಲ್ಲ ಗೊತ್ತಾಗುತ್ತದೆ. ಎರಡು ವರ್ಷದ ಹಿಂದೆ ವಕೀಲರ ಮಗಳು ನಿವೇದಿತಾ ಕಂಪ್ಯೂಟರಿನಲ್ಲಿ ಎಐ ಕೂರಿಸಿಕೊಟ್ಟ ದಿನ ವೇಣಿಯವರಿಗೆ ಊಟ ಸೇರಲಿಲ್ಲ. "ಫ್ಯಾಕ್ಟರಿ ಮುಚ್ಚೋ ಮುಂಚೆ ಬರೋ ವಾಸನೆ ಇರುತ್ತಲ್ಲ, ಅದೇ ಬಂತು ನಂಗೆ. ಇನ್ಮೇಲೆ ಅರ್ಧ ದಿನ ಬಂದ್ರೆ ಸಾಕಮ್ಮ ಅಂದ್ರು ಸಾರ್. ಮಿಕ್ಕ ಅರ್ಧ ದಿನದಲ್ಲಿ ಅದು ಬರ್ದಿದ್ದನ್ನ ಜನಕ್ಕೆ ಓದೋಕೆ ಶುರು ಮಾಡ್ದೆ. ಎಲ್ರೂ ಏನಾದ್ರೊಂದು ತಿದ್ದೋರೇ. ಈಗ ಒಂದು ದಿನ ಸಾಲ್ತಿಲ್ಲ ನೋಡಿ."

ದಿನಕ್ಕೆಷ್ಟು ನೋಟಿಸು ಎಂದರೆ ಅವರು ನಗುತ್ತಾರೆ. ಅಚ್ಚು ಹೊಡೆಯಲು ಕೊಟ್ಟ ಡೈ ಹಿಂದಿರುಗಿಸದವರು, ಅನುಭವ ಪತ್ರ ಕೊಡದೆ ಸತಾಯಿಸುವವರು, ತಮ್ಮ ಕಂಪ್ರೆಸರಿನ ಅದುರಿನಿಂದ ಪಕ್ಕದ ಮನೆಯ ತೊಟ್ಟಿಲನ್ನು ತಾವೇ ತೂಗುವವರು, ಎಲ್ಲರಿಗೂ ಇಲ್ಲಿಂದಲೇ ಕಾಗದ ಹೋಗಬೇಕು. ಎಣಿಸುವುದಕ್ಕಿಂತ ತೂಗುವುದೇ ಸುಲಭ. ಪೀಣ್ಯದ ಕೋಪ ದಿನಕ್ಕೆ ಎರಡು ಲಾರಿ ಲೋಡು. ವೇಣಿಯವರ ಕೈ ದಾಟಿ ಅಂಚೆಗೆ ಹೋಗುವಾಗ ಒಂದು ಆಟೊದಲ್ಲಿ ಹಿಡಿಸುತ್ತದೆ.

ಚಿಕ್ಕಮುನಿಯಮ್ಮನ ನೋಟಿಸು ಕರಿಬಸಪ್ಪನವರ ಟೇಬಲ್ಲಿಗೆ ಬಂದಾಗ ಅವರು ತೀರ್ಪಿನ ಸಾಲಿನ ಕೆಳಗೆ ಬೆರಳಿಟ್ಟು ಕೇಳುತ್ತಾರೆ, "ಏನವ್ವ ವೇಣಿ, ಈ ತೀರ್ಪು ಎಲ್ಲೈತಿ?"

"ದೊಡ್ಡಬಾಯಿ ಕೊಟ್ಟಿದ್ದು ಸಾರ್. ನಂಬರ್ ಕೂಡ ಇದೆ."

"ನಂಬರ್ ಐತಿ, ಕೇಸೇ ಇಲ್ಲ. ನಾನೂ ಹುಡುಕ್ದೆ, ನಿವೇದಿತಾನೂ ಹುಡುಕಿದ್ಲು. ಇಂಥ ಹೂವಾಡಗಿತ್ತಿನೂ ಇಲ್ಲ, ಇಂಥ ಜಡ್ಜೂ ಇಲ್ಲ. ಕೂತಲ್ಲೇ ಹುಟ್ಟಿಸೈತಿ ಇದು. ಇದನ್ನ ಕಳಿಸಿದ್ರ ನನ್ನ ಮರ್ಯಾದಿ ಎಷ್ಟು ಉಳೀತಿತ್ತು?"

ವೇಣಿ ಪೆಚ್ಚಾಗುತ್ತಾರೆ. ನಂಬರುಗಳನ್ನು ಹುಡುಕಿ ನೋಡಿದ ಮೇಲೆಯೇ ಹೊರಗೆ ಓದಬೇಕೆಂಬುದು ಅವರಿಗೆ ಗೊತ್ತಿಲ್ಲದ ನಿಯಮವಲ್ಲ. ಈ ಒಂದನ್ನು ಮಾತ್ರ ನೋಡಲು ಕೈ ಬಂದಿರಲಿಲ್ಲ. ಅಷ್ಟು ಚೆಂದದ ಮಾತು ಸುಳ್ಳಿರಬಹುದೆಂದು ಅನ್ನಿಸಿಯೇ ಇರಲಿಲ್ಲ. ಆ ಮಧ್ಯಾಹ್ನ ಕರೆಂಟು ಹೋಗಿ ಪೀಣ್ಯದ ಪ್ರೆಸ್ಸುಗಳೆಲ್ಲ ಒಮ್ಮೆಗೇ ಸುಮ್ಮನಾದಾಗ, ಟೇಬಲ್ಲಿಗೆ ತಲೆಯಾನಿಸಿದ ವೇಣಿಯವರಿಗೆ ಜೊಂಪು ಹತ್ತುತ್ತದೆ. ಕನಸಿನಲ್ಲಿ ದೀಪವಿಲ್ಲದ ಒಂದು ಕೋರ್ಟು. ಗೋಡೆಗಳ ಬದಲು ಸೇವಂತಿಗೆ ಸಾಲು. ಇಲ್ಲದ ಆ ನ್ಯಾಯಮೂರ್ತಿ ಕರಿಕೋಟು ಬಿಚ್ಚಿ ಆಕಾಶದ ಮೇಲೆ ಹೊದಿಸುತ್ತಾರೆ. ಪಿಸುದನಿಯಲ್ಲಿ ವಾದ ನಡೆಯುತ್ತದೆ. ಎಲ್ಲೋ ಒಂದು ಮೊಗ್ಗು ಸಾಕ್ಷಿಕಟ್ಟೆ ಹತ್ತಿ ಬಾಯಿ ತೆರೆಯುತ್ತದೆ. ಅದೇನು ಹೇಳಿತೆಂದು ಕೇಳಿಸುವಷ್ಟರಲ್ಲಿ ಕರೆಂಟು ಬರುತ್ತದೆ, ಪೇಪರ್‌ವೇಟು ನಡೆಯತೊಡಗುತ್ತದೆ.

ಕಣ್ಣುಜ್ಜಿಕೊಂಡು ತೀರ್ಪನ್ನು ಅಳಿಸುತ್ತಾರೆ. ಬೀಗದ ಮಾತನ್ನೂ ಪರಿಹಾರದ ಮಾತನ್ನೂ ತೆಗೆಯಲು ದೊಡ್ಡಬಾಯಿಗೆ ಹೇಳುತ್ತಾರೆ. ಅದು ಒಂದೆಡೆ ತೆಗೆದು ಇನ್ನೊಂದೆಡೆ ತುರುಕುತ್ತದೆ. ಹಣ ಕೇಳದ ನೋಟಿಸನ್ನು ಅದು ಹುಟ್ಟಿದಂದಿನಿಂದ ಕಂಡಿಲ್ಲ. "ಬೇಡ ಮಾರಾಯ, ದುಡ್ಡು ಬೇಡ, ಕತ್ತಲು ಸಾಕು" ಎಂದು ವೇಣಿ ಗೋಗರೆಯುವುದನ್ನು ಕೇಳಿ ಕೆಳಗಿನ ಅಂಗಡಿಯವರು ಮೇಲೆ ಬಂದು ನೋಡಿ ಹೋಗುತ್ತಾರೆ. ಕಡೆಗೆ ಉಳಿಯುವ ಬೇಡಿಕೆ ಒಂದೇ: ಸಂಜೆಯಿಂದ ಬೆಳಗಿನವರೆಗೆ ನಿಮ್ಮ ದೀಪ ನಿಮ್ಮ ಅಂಗಳವನ್ನಷ್ಟೇ ನೋಡಲಿ.

"ಕತ್ತಲಿ ಕೊಡ್ರಿ ಅಂತ ನೋಟಿಸ್ ಕಳಿಸಾಕ ನಾನು ಲಾ ಓದಿದ್ನೇನವ್ವ?" ಎಂದು ಕರಿಬಸಪ್ಪನವರು ಗೊಣಗುತ್ತಾರೆ. ಆದರೆ ಕಕ್ಷಿದಾರರು ಕೇಳದ್ದನ್ನು ಬರೆಯುವಂತಿಲ್ಲವಲ್ಲ.

ಮರುದಿನದ ನಸುಕು ವೇಣಿಯವರಿಗೆ ಭಾರ. ಬದುವಿನ ಮೇಲೆ ಕೂತವರೇ ಮೊದಲು ಅದನ್ನೇ ಹೇಳಿಬಿಡುತ್ತಾರೆ. "ಅಜ್ಜಿ, ಆ ಜಡ್ಜು ಇಲ್ವೇ ಇಲ್ಲ. ಮಿಷನ್ನು ಸುಳ್ಳು ಹುಟ್ಟಿಸ್ಬಿಡ್ತು. ನಾನ್ ನೋಡ್ದೆ ಓದ್ಬಿಟ್ಟೆ. ನನ್ದೇ ತಪ್ಪು."

ಚಿಕ್ಕಮುನಿಯಮ್ಮ ಒಂದು ಕಳೆ ಕಿತ್ತು ಬದುವಿನಾಚೆ ಎಸೆಯುತ್ತಾರೆ. "ಓಗ್ಲಿ ಬುಡು. ಕನಸ್ ಕಂಡದೆ, ಪಾಪ. ರಾತ್ರಿಯೆಲ್ಲ ದೀಪದಾಗೇ ಕುಂತಿರದಲ್ವ ಅದೂವೆ, ನಿದ್ದೆ ಕೆಟ್ಟದೆ." ಆಮೇಲೆ ಹೊಸ ಕಾಗದ ಕೇಳಿ, ತಲೆಯಾಡಿಸಿ, ಹೆಬ್ಬೆಟ್ಟು ಒತ್ತುತ್ತಾರೆ. "ಜಡ್ಜು ಇಲ್ದಿದ್ರೆ ಇಲ್ಲ. ಇದು ನನ್ ಮಾತು, ಓಗ್ಲಿ."

ನೋಟಿಸು ತಲುಪಿದ ಮೇಲೆ ಫೋನು ಮಾಡುವವರು ಗೋಡೌನಿನ ಉಸ್ತುವಾರಿ ನೋಡುವ ಗುರುರಾಜ್.

"ಮೇಡಂ, ನಿಮ್ ನೋಟಿಸಲ್ಲಿ ಒಂದ್ ಪೇಜ್ ಮಿಸ್ ಆಗಿದೆ ಅನ್ಸುತ್ತೆ. ಅಮೌಂಟ್ ಇರೋ ಪೇಜು."

"ಇಲ್ಲ ಸಾರ್, ಇರೋದೇ ಅಷ್ಟು."

"ದುಡ್ಡು ಬೇಡ್ವಾ?"

"ದೀಪ ತಿರುಗ್ಸಿ ಸಾರ್, ಸಾಕು."

ಆ ಕಡೆ ಹಾಳೆಗಳನ್ನು ಮತ್ತೆ ಮತ್ತೆ ತಿರುವಿ ಹಾಕುವ ಸದ್ದು. ಅಷ್ಟು ಹೊತ್ತಿನಲ್ಲಿ ಮೆಟ್ರೊ ಎರಡು ಸಲ ಹೋಗಿ ಬರಬಹುದಿತ್ತು. "ಅಲ್ಲಾ ಮೇಡಂ, ದುಡ್ಡು ಕೇಳಿದ್ರೆ ನಾನಿದನ್ನ ಮುಂಬೈ ಹೆಡ್ ಆಫೀಸಿಗೆ ಕಳಿಸ್ಬೇಕಿತ್ತು. ಅವ್ರು ಅವ್ರ ಲಾಯರ್‌ಗೆ ಕಳಿಸ್ತಿದ್ರು, ಯುಗಾದಿ ಆದ್ರೂ ಉತ್ತರ ಬರ್ತಿರ್ಲಿಲ್ಲ. ದೀಪ ತಿರುಗ್ಸೋಕೆ ನಾನೇ ಸಾಕಲ್ಲ. ನಂಗೂ ಫೈಲಲ್ಲಿ ಇಡೋಕೊಂದು ಕಾಗದ ಬೇಕಿತ್ತು, ಬಂತು. ಒಂದ್ ಏಣಿ, ಬೆಳಕಿಗಡ್ಡ ಒಂದ್ ತಗಡು. ಸಂಜೆ ಮಾಡಿಸ್ತೀನಿ."

ಕರಿಬಸಪ್ಪನವರು ಫೋನಿನ ಮಾತು ಕೇಳಿ ಕನ್ನಡಕ ಒರೆಸಿಕೊಳ್ಳುತ್ತಾರೆ. "ಇದನ್ನ ಎಲ್ಲೂ ಹೇಳಬ್ಯಾಡವ್ವ" ಎನ್ನುತ್ತಾರೆ. "ಎಲ್ಲರೂ ಸಣ್ಣದಾಗೇ ಕೇಳಾಕ ಶುರು ಮಾಡಿದ್ರ ನಮ್ಮ ಗತಿ?"

ದೀಪಾವಳಿಗೆ ಮುಂಚಿನ ಒಂದು ನಸುಕು. ವೇಣಿಯವರ ಕೈಯಲ್ಲಿ ಇಂದು ಓದುವ ಕಾಗದವಿಲ್ಲ. ಮೊಗ್ಗು ಬಂದಿದೆಯೆಂದು ಮುನೀಂದ್ರನೇ ಫೋನಿನಲ್ಲಿ ಹೇಳಿದ್ದಾನೆ, ಲಾರಿಯವರಿಗೆ ಬೇರೆ ಜಾಗ ನೋಡಿಕೊಳ್ಳಲು ತಿಳಿಸಿದ್ದಾನೆ. ಹೊಲದ ಮೇಲೆ ಕತ್ತಲು ಕಂಬಳಿಯ ಹಾಗೆ ಬಿದ್ದಿದೆ. ಬದು ಯಾವುದು, ಸಾಲು ಯಾವುದು ತಿಳಿಯದೆ ವೇಣಿ ನೀರಿನ ಕಾಲುವೆಗೆ ಮೊಣಕಾಲುದ್ದ ಇಳಿದುಬಿಡುತ್ತಾರೆ.

"ಯಾರವ್ವ ಅದು, ನೀರಾಗೆ?" ಎಲ್ಲಿಂದಲೋ ಚಿಕ್ಕಮುನಿಯಮ್ಮನ ದನಿ. "ನೋಡ್ಕಂಡ್ ಬರಬಾರ್ದಾ?"

ಒಂದು ಚಪ್ಪಲಿ ಕೆಸರಿನಲ್ಲಿ ಹೂತುಹೋಗಿದೆ, ಸೀರೆಯ ಅಂಚು ತೊಯ್ದಿದೆ. ವೇಣಿ ನಿಂತಲ್ಲೇ ನಿಂತು, ಕಣ್ಣರಳಿಸಿ, ಆ ಕತ್ತಲನ್ನು ಒಂದು ಸುತ್ತು ನೋಡುತ್ತಾರೆ.

"ಏನೂ ಕಾಣ್ತಿಲ್ಲ ಅಜ್ಜಿ" ಎನ್ನುತ್ತಾರೆ. "ಸಕ್ಕತ್ತಾಗಿದೆ."