ಅಮ್ಮನವರ ನೆರಿಗೆ

ಅರ್ಚಕರ ಹೆಂಡತಿಗೆ ಬೆಳಗಾಗುವುದೇ ಗುಡಿಯ ಅಮ್ಮನವರ ಸೀರೆಯಿಂದ. ನಿನ್ನೆಯ ಸೀರೆಯ ಎಣ್ಣೆಜಿಡ್ಡು, ಕುಂಕುಮದ ಕಲೆ ಉಜ್ಜಿ ತೆಗೆದು, ದೀಪಗಳ ಮಸಿ ತಿಕ್ಕಿ, ಅಡುಗೆಮನೆಯ ಸ್ಟೂಲಿನ ಮೇಲೆ ಹಿತ್ತಾಳೆ ಕೊಡ ಬೋರಲು ಹಾಕುತ್ತಾಳೆ. ಎತ್ತರ, ಸೊಂಟ ಎಲ್ಲ ಅಮ್ಮನವರದೇ ಅಳತೆ. ಅದಕ್ಕೆ ಇವತ್ತಿನ ಸೀರೆ ಸುತ್ತಿ, ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಬೆರಳಗಲದ ನೆರಿಗೆ ಹಿಡಿದು, ಸೆರಗು ಮಡಿಸಿ, ಆಕಾರ ಕೆಡದಂತೆ ಬಿಚ್ಚಿ ತಟ್ಟೆಯಲ್ಲಿಟ್ಟು ಮೇಲೊಂದು ಬಟ್ಟೆ ಮುಚ್ಚುತ್ತಾಳೆ. ಗಂಡ ತಟ್ಟೆ ಹಿಡಿದು ಓಣಿ ದಾಟಿ ಗುಡಿಗೆ ಹೋಗಿ, ಪರದೆ ಎಳೆದು, ಅದನ್ನು ಅಮ್ಮನವರ ಸೊಂಟಕ್ಕೆ ಕಟ್ಟುತ್ತಾನೆ. ಡಬ್ಬಕ್ಕೆ ಮುಚ್ಚಳ ಹಾಕಿದಷ್ಟೇ ಕೆಲಸ.

ಪರದೆ ಸರಿದಾಗ ಜನ ಕೈಮುಗಿದು, ಅರ್ಚಕರ ಕೈಗುಣವೇ ಕೈಗುಣ ಎನ್ನುತ್ತಾರೆ. ಸಮಿತಿಯವರು ಅವನಿಗೆ 'ಅಲಂಕಾರ ನಿಪುಣ' ಎಂದು ಶಾಲು ಹೊದಿಸಿದರು. ಆ ಶಾಲನ್ನೂ ಒಗೆದವಳು ಇವಳೇ.

ಅವಳಿಗಿದ್ದದ್ದು ಒಂದೇ ಆಸೆ: ಒಂದು ಸಲ ತನ್ನ ಕೈಯಾರೆ ಅಮ್ಮನವರಿಗೆ ಸೀರೆ ಉಡಿಸಬೇಕು. ಮದುವೆಯಾದ ಹೊಸದರಲ್ಲೇ ಕೇಳಿದ್ದಳು. "ಮುಟ್ಟಾಗೋ ಹೆಂಗಸರು ಗರ್ಭಗುಡಿಗೆ ಬರೋ ಹಾಗಿಲ್ಲಮ್ಮ. ಅದು ನಿಂತ್ಮೇಲೆ ನೋಡೋಣ," ಎಂದಿದ್ದರು ಆಗಿನ ಅಧ್ಯಕ್ಷರು. ಗಂಡನೂ ತಲೆಯಾಡಿಸಿದ್ದ. ಅವಳು ಕಾದಳು. ಕೂದಲು ನೆರೆಯಿತು, ಮಂಡಿ ಹಿಡಿಯಿತು, ಮುಟ್ಟೂ ನಿಂತಿತು.

ಮೊನ್ನೆ ಹೋಗಿ ಮತ್ತೆ ಕೇಳಿದಳು. ಈಗ ಅಧ್ಯಕ್ಷ ಅವರ ಮಗ.

"ಅಕ್ಕ, ಮುಟ್ಟಿನ ಪ್ರಶ್ನೆ ಅಲ್ಲ ಅದು. ಹೆಂಗಸರು ಒಳಗೆ ಬರೋ ಪದ್ಧತೀನೇ ಇಲ್ಲ."

"ನಿಮ್ಮಪ್ಪ ಹೇಳಿದ್ದು ಬೇರೆ."

"ಅವರೇನೋ ನಿಮ್ಮ ಸಮಾಧಾನಕ್ಕೆ ಅಂದಿರ್ತಾರೆ."

ಸಮಾಧಾನಕ್ಕೆ. ಮನೆಗೆ ಬಂದು ಕೇಳಿದರೆ ಗಂಡ ಪೇಪರಿನಿಂದ ಕಣ್ಣೆತ್ತಲಿಲ್ಲ. "ನಂಗೆ ಗೊತ್ತಿತ್ತು. ನೀನು ಬೇಜಾರು ಮಾಡ್ಕೋತೀಯ ಅಂತ ಹೇಳ್ಲಿಲ್ಲ."

"ಅಮ್ಮನವರು ಹೆಂಗಸಲ್ವಾ? ಅವರ ಸೀರೆ ಬಿಚ್ಚೋಕೆ ಗಂಡಸಾದ್ರೆ ನಡೆಯುತ್ತೆ, ಉಡ್ಸೋಕೆ ಹೆಂಗಸಾದ್ರೆ ನಡೆಯಲ್ಲ."

"ಇಲ್ಲದ ತರಲೆ ಯಾಕೆ ನಿಂಗೆ. ಟೀ ಕೊಡು."

ಮರುದಿನ ಬೆಳಿಗ್ಗೆಯೂ ತಟ್ಟೆಯಲ್ಲಿ ಸೀರೆ ಇತ್ತು. ಒಗೆದು, ಇಸ್ತ್ರಿ ಮಾಡಿ, ಅಂಗಡಿಯಲ್ಲಿಡುವ ಹಾಗೆ ಚೌಕವಾಗಿ ಮಡಿಸಿ. ನೆರಿಗೆ ಇರಲಿಲ್ಲ. ಮುಚ್ಚಿದ ಬಟ್ಟೆ ಎತ್ತಿಯೂ ನೋಡದೆ ಗಂಡ ತೆಗೆದುಕೊಂಡು ಹೋದ. ಅವಳು ಹಿಂದೆಯೇ ಹೋಗಿ ಜನರ ನಡುವೆ ಕೂತಳು.

ಪರದೆ ಸರಿಯಲಿಲ್ಲ. ಒಳಗೆ ಪಿನ್ನು ನೆಲಕ್ಕೆ ಬಿದ್ದ ಸದ್ದು, ಗೊಣಗಾಟ. ಜನ ಕೆಮ್ಮತೊಡಗಿದರು. ಒಳಗೆ ಹೋಗಿ ಬಂದ ಅಧ್ಯಕ್ಷ ಬಗ್ಗಿ ಅವಳ ಕಿವಿಯಲ್ಲಿ, "ಅಕ್ಕ, ಹಿಂದಿನ ಬಾಗಿಲಿಂದ ಬಂದು ಉಡಿಸಿಬಿಡಿ. ಯಾರಿಗೂ ಗೊತ್ತಾಗಲ್ಲ," ಎಂದ.

ಇಷ್ಟು ವರ್ಷ ಬೇಡಿದ್ದು ಅಲ್ಲೇ, ಗೋಡೆಯಾಚೆ ಇತ್ತು. ಅವಳ ಬೆರಳುಗಳು ತಾವಾಗಿಯೇ ಅವಳ ಸೆರಗಿನಲ್ಲಿ ನೆರಿಗೆ ಹಿಡಿದವು.

"ಮುಂದಿನ ಬಾಗಿಲಿಂದ ಬರ್ತೀನಿ."

"ಜನ ನೋಡ್ತಾರಲ್ಲ."

"ನೋಡ್ಲಿ ಅಂತಾನೇ."

ಅವನು ಮುಖ ಸಿಂಡರಿಸಿಕೊಂಡು ಹೋದ.

ಸ್ವಲ್ಪ ಹೊತ್ತಿಗೆ ಪರದೆ ಸರಿಯಿತು. ಹಾಸಿಗೆ ಸುರುಳಿಗೆ ಹಗ್ಗ ಬಿಗಿದ ಹಾಗೆ ಅಮ್ಮನವರ ಮೈಗೆ ಸೀರೆ ಸುತ್ತಿತ್ತು. ಸೆರಗು ಯಾವುದು, ಅಂಚು ಯಾವುದು ತಿಳಿಯದು. ಮುಂದಿನ ಸಾಲಿನ ಗಂಡಸರು ಕೈಮುಗಿದರು. "ಎಷ್ಟು ಸರಳ ಅಲಂಕಾರ ನೋಡಿ," ಎಂದ ಒಬ್ಬ. "ಅರ್ಚಕರು ಏನೋ ಹೊಸದು ಯೋಚಿಸಿದಾರೆ," ಎಂದ ಇನ್ನೊಬ್ಬ.

ಅವಳ ಪಕ್ಕದಲ್ಲಿದ್ದ ಟೈಲರಮ್ಮ ಮಾತ್ರ ಕಣ್ಣು ಕಿರಿದು ಮಾಡಿ ಪಿಸುಗುಟ್ಟಿದಳು. "ಇದೇನ್ರೀ, ಸ್ನಾನ ಮಾಡಿ ಟವೆಲ್ ಸುತ್ಕೊಂಡ ಹಾಗಿದೆ. ನಿಮ್ಮ ಯಜಮಾನ್ರಿಗೆ ಹುಷಾರಿಲ್ವಾ?"

ಅವಳಿಗೆ ಪಿಸುಮಾತು ಸಾಕಾಗಿತ್ತು. ಎದ್ದು ನಿಂತಳು.

"ಹುಷಾರಾಗೇ ಇದಾರೆ. ಅವರಿಗೆ ಬರೋದೇ ಇಷ್ಟು. ಇಷ್ಟು ವರ್ಷ ನೀವೆಲ್ಲ ಕೈಮುಗಿದದ್ದು ನನ್ನ ಕೈಕೆಲಸಕ್ಕೆ."

ಗಂಟೆ ಬಾರಿಸುತ್ತಿದ್ದ ಗಂಡನ ಕೈ ನಿಂತಿತು. ಸಾಲುಸಾಲಾಗಿ ತಲೆಗಳು ಹಿಂದಕ್ಕೆ ತಿರುಗಿದವು.

"ಅಕ್ಕ, ಕೂತ್ಕೊಳ್ಳಿ," ಎಂದ ಅಧ್ಯಕ್ಷ.

ಅವಳು ಕೂರಲಿಲ್ಲ.