ಅಂಚಿನಲ್ಲಿ ಪೆನ್ಸಿಲಿನ ಆಕ್ಷೇಪಗಳು

ನಮ್ಮ ವರ್ಕಾಡಿ ಕಡೆಯ ಗ್ರಂಥಾಲಯದಲ್ಲಿ ಆ ಕಾದಂಬರಿಯ ಒಂದೇ ಪ್ರತಿ ಇದ್ದದ್ದು. ಲೇಖಕಿಯೇ ತಂದು ಕೊಟ್ಟ ಪ್ರತಿ ಅದು. ಒಂಬೈನೂರು ಪುಟ. ಮೊದಲ ಪುಟದಲ್ಲಿ ‘ಈ ಊರಿನ ಓದುಗರಿಗೆ’ ಎಂದು ಅವರ ಕೈಬರಹ. ಪಕ್ಕದ ಮೀಂಜದ ಕಡೆಯವರು, ಕಚೇರಿಯೊಂದರಲ್ಲಿ ಗುಮಾಸ್ತೆ. ಹತ್ತು ವರ್ಷ, ರಜೆ ಸಿಕ್ಕಿದಾಗಲೆಲ್ಲ ಕೂತು ಬರೆದದ್ದಂತೆ.

ಪುಸ್ತಕ ಕೊಟ್ಟು ವರ್ಷವಾದ ಮೇಲೆ ಒಂದು ದಿನ ಅವರು ಫೋನ್ ಮಾಡಿದರು. ಎರಡನೆಯ ಸಂಪುಟ ಬರೆದು ಮುಗಿದಿತ್ತು. ಮೊದಲನೆಯದೇ ಜನರಿಗೆ ಅರ್ಥವಾಗಿಲ್ಲ, ಇದನ್ನು ಅರ್ಧಕ್ಕೆ ಇಳಿಸಿದರೆ ಒಳ್ಳೆಯದು, ತೀರ್ಮಾನ ನಿಮಗೆ ಬಿಟ್ಟದ್ದು ಎಂದು ಪ್ರಕಾಶಕರು ಹೇಳಿದ್ದರು.

“ನೀವು ಪತ್ರಿಕೆಯಲ್ಲಿ ಇದ್ದವರು. ಓದಿದವರು ಎಂತ ಹೇಳ್ತಾರೆ ಅಂತ ಹೇಳಿದ ಹಾಗೇ ಬರೆದುಕೊಡಿ. ಅದನ್ನು ನೋಡಿ ಕತ್ತರಿ ಹಾಕ್ಬೇಕಾ ಬೇಡ್ವಾ ಅಂತ ನಿಶ್ಚಯ ಮಾಡ್ತೇನೆ. ನನ್ನ ಮುಖ ನೋಡಿ ಸಿಹಿ ಮಾಡ್ಬೇಡಿ.”

ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈಗ ಗ್ರಂಥಾಲಯದ ಪುಸ್ತಕ ನೋಡಿಕೊಳ್ಳುತ್ತೇನೆ. ಹೇಳಿದ್ದನ್ನು ಹೇಳಿದ ಹಾಗೆ ಬರೆಯುವುದು ಗೊತ್ತಿರುವುದರಿಂದ ಒಪ್ಪಿದೆ. ನನ್ನ ಅಭಿಪ್ರಾಯವನ್ನು ಅವರು ಕೇಳಲಿಲ್ಲ. ಕೇಳಿದ್ದರೆ, ಪುಸ್ತಕ ಬಂದ ಹೊಸತರಲ್ಲೇ ಎರಡು ಸಲ ಓದಿದೆ ಎನ್ನುತ್ತಿದ್ದೆ. ಮೊದಲ ಸಲ ನೂರನೆಯ ಪುಟದ ಹತ್ತಿರ ದಾರಿ ತಪ್ಪಿತ್ತು. ಎರಡನೆಯ ಸಲ ದಾರಿ ಹುಡುಕುವುದನ್ನು ಬಿಟ್ಟೆ, ಆಮೇಲೆ ಕೆಳಗಿಡಲು ಮನಸ್ಸಾಗಲಿಲ್ಲ.

ಕಥೆಯ ಎಳೆ ಸರಳವೇ. ಒಬ್ಬ ಮುನಿ ಕೊಡಲಿ ಎಸೆದು ಕಡಲನ್ನು ಹಿಂದೆ ಸರಿಸಿದ ಎಂಬುದು ನಮ್ಮ ಕರಾವಳಿಯಲ್ಲಿ ಎಲ್ಲರೂ ಕೇಳಿದ ಕಥೆ. ಇಲ್ಲಿ ಕಡಲಿನ ಮಗಳು ಆ ನೆಲವನ್ನು ವಾಪಸು ಕೇಳಲು ಬರುತ್ತಾಳೆ. ಎಲ್ಲಿಯವರೆಗೆ ತನ್ನ ನೀರು ನಿಂತಿತ್ತು ಎಂದು ತಿಳಿಯಲು ಒಂದೊಂದೇ ಬಾವಿಯ ನೀರನ್ನು ರುಚಿ ನೋಡುತ್ತಾ ನಡೆಯುತ್ತಾಳೆ. ಅವಳ ಜೊತೆಗೆ ನಾಗರ ಏಳು ಕುಲ, ಅವರ ಅಜ್ಜಂದಿರು, ಶಾಪಗಳು, ಶಾಪದ ಒಳಗಿನ ಶಾಪಗಳು. ಒಂದೇ ಪಾತ್ರಕ್ಕೆ ಐದು ಹೆಸರು.

ಮೊದಲು ಹೋದದ್ದು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಹಾಜಿಯವರ ಬಳಿಗೆ. ಅವರ ಮನೆಮಾತು ಬ್ಯಾರಿ, ಕಲಿತದ್ದು ಕನ್ನಡ ಶಾಲೆಯಲ್ಲಿ.

“ಸತ್ಯ ಹೇಳ್ಬೇಕಾ? ಇನ್ನೂರನೇ ಪುಟದಲ್ಲಿ ನಿಲ್ಲಿಸಿದೆ ಮಾರಾಯ್ರೆ. ಹೆಸರೇ ತಲೆಯಲ್ಲಿ ನಿಲ್ಲುದಿಲ್ಲ. ನನ್ನ ಅಂಗಡಿಯಲ್ಲಿ ಅಷ್ಟು ಬಗೆಯ ಸ್ಕ್ರೂ ಇಲ್ಲ.”

ನಾನು ಬರೆದುಕೊಂಡು ಎದ್ದೆ. ಅವರು ಕೈ ಅಡ್ಡ ಹಿಡಿದರು.

“ಕೂತ್ಕೊಳ್ಳಿ, ಮುಗೀಲಿಲ್ಲ. ಗಲ್ಫಿನಲ್ಲಿ ಇಪ್ಪತ್ತು ವರ್ಷ ನಾನು ಕುಡಿದದ್ದು ಉಪ್ಪು ತೆಗೆದ ಕಡಲ ನೀರು. ಆ ಹುಡುಗಿ ಬಾವಿ ನೀರು ಬಾಯಿಗೆ ಹಾಕಿ, ಇಲ್ಲಿ ನಾವಿದ್ದೆವು ಅಂತ ಹೇಳುವ ಜಾಗ ಉಂಟಲ್ಲ? ಅದನ್ನು ನಾಲ್ಕು ಸಲ ಓದಿದ್ದೇನೆ. ಅದನ್ನೂ ಬರೀರಿ.”

ಹಾಜಿಯವರ ನಂತರ ಪುಸ್ತಕ ಒಯ್ದವರು ನಿವೃತ್ತ ಮಾಷ್ಟ್ರು. ಅವರು ತಾಳಮದ್ದಲೆಯಲ್ಲಿ ಅರ್ಥ ಹೇಳುವವರು. ವೇಷವಿಲ್ಲದೆ ಕೂತು, ಮಾತಿನಲ್ಲೇ ಪುರಾಣದ ಪ್ರಸಂಗವನ್ನು ನಡೆಸುವ ಕಲೆ ಅದು. ಎದುರು ಕೂತವರ ಮಾತನ್ನು ಪ್ರಶ್ನಿಸದೆ ಬಿಟ್ಟರೆ ಅಲ್ಲಿ ಮರ್ಯಾದೆ ಉಳಿಯುವುದಿಲ್ಲ. ಅವರು ಎರಡು ತಿಂಗಳು ಪುಸ್ತಕ ಇಟ್ಟುಕೊಂಡಿದ್ದರು.

“ಒಂದಕ್ಷರ ಬಿಡದೆ ಓದಿದ್ದೇನೆ. ಭಾಷೆ ಭಾರೀ ಲಾಯ್ಕ ಉಂಟು. ಆದರೆ ಇದು ಯಾವ ಪುರಾಣದಲ್ಲಿ ಉಂಟು? ಕಡಲಿಗೆ ಮಗಳಂತೆ, ಅವಳು ಮುನಿಯನ್ನು ಪ್ರಶ್ನೆ ಕೇಳುದಂತೆ. ಆಧಾರ ಬೇಡ್ವಾ?”

ಒಬ್ಬರು ನಡುವೆ ಬಿಟ್ಟರು, ಇನ್ನೊಬ್ಬರು ಆಕ್ಷೇಪಿಸಿದರು. ನನ್ನ ಟಿಪ್ಪಣಿ ಕತ್ತರಿಯ ಕಡೆಗೇ ವಾಲಿತ್ತು. ಓದಿದವರಲ್ಲಿ ಉಳಿದವರು ಬೀಡಿ ಕಟ್ಟುವ ಐದು ಮಂದಿ ಹೆಂಗಸರು. ಅವರು ಒಂದು ಮನೆಯ ಜಗಲಿಯಲ್ಲಿ ಕೂತು ಕೆಲಸ ಮಾಡುತ್ತಾರೆ. ಒಬ್ಬಾಕೆ ಗಟ್ಟಿಯಾಗಿ ಓದುತ್ತಾಳೆ, ಅವಳ ಪಾಲಿನ ಬೀಡಿಯನ್ನು ಉಳಿದ ನಾಲ್ವರು ಕಟ್ಟಿಕೊಡುತ್ತಾರೆ. ಹಿಂದೆ ಬೀಡಿ ಶೆಡ್ಡುಗಳಲ್ಲಿ ಹೀಗೆ ಪತ್ರಿಕೆ ಓದುತ್ತಿದ್ದರು. ಈ ಜಗಲಿಯಲ್ಲಿ ಆ ಕ್ರಮ ನಿಂತಿಲ್ಲ. ಮಾಷ್ಟ್ರು ಹಿಂದಿರುಗಿಸಿದ ಪ್ರತಿ ಅವರ ಬಳಿ ಇತ್ತು. ಎರಡು ಸಲ ಕೇಳಿದಾಗಲೂ “ಮುಗೀಲಿಲ್ಲ ಸರ್” ಎಂಬ ಉತ್ತರವೇ ಬಂತು.

ಒಂದು ಆದಿತ್ಯವಾರ ಮಧ್ಯಾಹ್ನದ ಮೇಲೆ ಎಲ್ಲರನ್ನೂ ಗ್ರಂಥಾಲಯಕ್ಕೆ ಕರೆದೆ. ಲೇಖಕಿಯೂ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಹಾಜಿಯವರು, ಮಾಷ್ಟ್ರು ನನಗೆ ಹೇಳಿದ್ದನ್ನೇ ಎದುರಿಗೂ ಹೇಳಿದರು. ಲೇಖಕಿ ತಲೆಯಾಡಿಸಿ ಕೇಳಿಸಿಕೊಂಡರು. ಕೈಯಲ್ಲಿದ್ದ ಚೀಲದ ಹಿಡಿಯನ್ನು ಮಾತ್ರ ಸುತ್ತುತ್ತಲೇ ಇದ್ದರು.

ಆಮೇಲೆ ಓದುವ ಹೆಂಗಸು ಎದ್ದಳು. ಪುಸ್ತಕಕ್ಕೆ ಕ್ಯಾಲೆಂಡರಿನ ಹಾಳೆಯ ಬೈಂಡು ಹಾಕಿದ್ದಳು.

“ನಮಗೆ ಹೆಸರು ಕಷ್ಟ ಆಗ್ಲಿಲ್ಲ. ನಾವು ಗದ್ದೆಯಲ್ಲಿ ಹಾಡುವ ಪಾಡ್ದನದ ಕಥೆಗಳಲ್ಲಿ ಇದಕ್ಕಿಂತ ಹೆಚ್ಚು ಹೆಸರು ಉಂಟು. ಮರೆತರೆ ಐವರಲ್ಲಿ ಒಬ್ಬಳಿಗಾದರೂ ನೆನಪಿರ್ತದೆ. ಎಲ್ಲಕ್ಕಿಂತ ಖುಷಿ ಆದದ್ದು ಆ ಅಡ್ಡ ಮಾತಾಡುವವರು.”

“ಯಾರು?” ಎಂದರು ಲೇಖಕಿ.

“ನೀವೇ ಪುಟದ ಬದಿಯಲ್ಲಿ ಬರೆದಿದ್ದೀರಲ್ಲ ಮೇಡಂ. ಕಡಲಿನ ಮಗಳು ಒಂದು ಮಾತು ಹೇಳುದು, ಕೂಡಲೇ ಈ ಅಡ್ಡ ಮಾತಿನವರು, ‘ಇದಕ್ಕೆ ಆಧಾರವೇನು?’ ಅವಳು ನೆಲ ಕೇಳುದು, ಇವರು, ‘ಕೊಟ್ಟ ದಾನವನ್ನು ಹಿಂದಕ್ಕೆ ಕೇಳುವುದು ಯಾವ ಧರ್ಮ?’ ನಾನು ಇವರ ಮಾತನ್ನು ಸ್ವರ ದಪ್ಪ ಮಾಡಿ ಓದುದು. ನಮ್ಮವರು ಬೀಡಿ ಕಟ್ಟುದು ನಿಲ್ಲಿಸಿ ಇವರಿಗೆ ಬೈತಾರೆ. ಆದರೆ ಮುನ್ನೂರನೇ ಪುಟದ ಹತ್ತಿರ ಇವರಿಗೇ ಸ್ವಲ್ಪ ಮನಸ್ಸು ಕರಗಿದೆ.”

ಪುಸ್ತಕವನ್ನು ತೆಗೆದುಕೊಂಡು ನೋಡಿದೆ. ಪುಟಪುಟದ ಅಂಚಿನಲ್ಲೂ ಪೆನ್ಸಿಲಿನಲ್ಲಿ ದುಂಡಗಿನ ಅಕ್ಷರ. ಮಾಷ್ಟ್ರು ಹಿಂದಿರುಗಿಸಿದಾಗ ನಾನು ಬೈಂಡು ಹರಿದಿದೆಯೇ ಎಂದು ನೋಡಿದ್ದೆನೇ ಹೊರತು ಒಳಗೆ ತೆರೆದಿರಲಿಲ್ಲ. ಮೊದಲ ಪುಟದಲ್ಲಿ ಲೇಖಕಿಯ ಕೈಬರಹ ಇದ್ದದ್ದರಿಂದ ಉಳಿದದ್ದೂ ಅವರದ್ದೇ ಎಂದು ಜಗಲಿಯವರು ತಿಳಿದಿದ್ದರು.

ಮಾಷ್ಟ್ರ ಮುಖ ಕೆಂಪಾಗಿತ್ತು. “ಗ್ರಂಥಾಲಯದ ಪುಸ್ತಕ ಅಂತ ಮರೆತುಹೋಯ್ತು. ಒಂದು ರಬ್ಬರ್ ಕೊಡಿ, ಇಲ್ಲೇ ಕೂತು ಉಜ್ಜಿ ಕೊಡ್ತೇನೆ.”

“ಬೇಡ ಮಾಷ್ಟ್ರೇ, ನಮಗೆ ಇನ್ನೂ ಇನ್ನೂರು ಪುಟ ಓದ್ಲಿಕ್ಕೆ ಬಾಕಿ ಉಂಟು,” ಎಂದಳು ಅವಳು.

ಹಾಜಿಯವರು ಜೋರಾಗಿ ನಕ್ಕರು. “ಇವರ ಜಗಳ ಸೇರಿಸಿ ಕೊಟ್ಟಿದ್ದರೆ ನಾನೂ ಮುಗಿಸ್ತಿದ್ದೆ.”

ಲೇಖಕಿ ಎದ್ದು ಬಂದು ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿ, ನಿಂತುಕೊಂಡೇ ಅಂಚುಗಳನ್ನು ಓದಿದರು. ಒಂದು ಕಡೆ ಮಾಷ್ಟ್ರು ‘ಇಲ್ಲಿ ನನಗೆ ಉತ್ತರವಿಲ್ಲ’ ಎಂದು ಬರೆದಿದ್ದರು. ಲೇಖಕಿ ಆ ಸಾಲಿನ ಮೇಲೆ ಬೆರಳಿಟ್ಟರು.

“ಅಚ್ಚಿಗೆ ಕೊಡುವಾಗ ಈ ಪುಟವನ್ನು ಉದ್ದ ಆಯ್ತು ಅಂತ ನಾನೇ ತೆಗೀಬೇಕು ಅಂತಿದ್ದೆ ಮಾಷ್ಟ್ರೇ,” ಎಂದರು. ನಂತರ ನನ್ನ ಕಡೆ ತಿರುಗಿ, “ವರದಿ ಬೇಡ ಸರ್. ಕೇಳಿ ಆಯ್ತು” ಎಂದರು.

ಎರಡನೆಯ ಸಂಪುಟ ಒಂದು ಪುಟವೂ ಕಡಿಮೆಯಾಗದೆ ಅಚ್ಚಾಯಿತು. ಈ ಸಲ ಅವರು ಎರಡು ಪ್ರತಿ ಕಳಿಸಿದ್ದಾರೆ. ಒಂದನ್ನು ಮಾಷ್ಟ್ರು ಒಯ್ದರು. ಇನ್ನೊಂದನ್ನು ನಾನು ಜಗಲಿಗೆ ತೆಗೆದುಕೊಂಡು ಹೋದೆ. ಓದುವ ಹೆಂಗಸು ನಾಲ್ಕು ಪುಟ ತಿರುವಿ, ಖಾಲಿ ಅಂಚುಗಳನ್ನು ನೋಡಿ ನನ್ನ ಕೈಗೇ ಹಿಂದಿರುಗಿಸಿದಳು.

“ಇದು ಹಾಜಿಯವರಿಗೆ ಕೊಡಿ ಸರ್. ಮಾಷ್ಟ್ರು ಓದಿ ಆಗ್ಲಿ, ಅವರ ಪ್ರತಿಗೆ ನಾವು ಕಾಯ್ತೇವೆ.”